ನೀಲಿ ಗೆರೆಯ ತೆಂಗಿನಕಾಯಿ

೮ ಸೆಪ್ಟೆಂಬರ್ ೨೦೨೪, ಭಾನುವಾರ

ಇವತ್ತು ಮೊಂತಿ ಹಬ್ಬ, ಮರಿಯಮ್ಮ ಹುಟ್ಟಿದ ದಿನ, ಹೊಸ ತೆನೆಯ ಹಬ್ಬ. ಇಗರ್ಜಿಗೆ ಹೋಗಲಿಲ್ಲ. ಹೂ ಹಾಕುವ ಮಕ್ಕಳ ಹಾಡು ಗಾಳಿಯಲ್ಲಿ ಬಂತು. ಅರ್ಧ ನನ್ನ ಕಿಟಕಿಗೆ ಬಂತು, ಅರ್ಧ ಸಮುದ್ರದ ಕಡೆ ಹೋಯಿತು.

ಮಧ್ಯಾಹ್ನ ನನ್ನ ಹೆಂಡತಿ ಆಂಜೆಲಾಳ ತಂಗಿ ಸೋಫಿಯಾ ಆಶೀರ್ವಾದದ ತೆನೆ ತಂದಳು. ಹೊಸ ಅಕ್ಕಿಯ ಪಾಯಸ ಮಾಡಿ ಮೇಜಿನ ಮೇಲೆ ಮೂರು ತಟ್ಟೆ ಇಟ್ಟಳು. ಮೂರನೆಯದು ಯಾರಿಗೆಂದು ನಾನು ಕೇಳಲಿಲ್ಲ. ಈ ದಿನ ಮನೆಯಲ್ಲಿಲ್ಲದವರ ಪಾಲು ಎತ್ತಿಡುವುದು ನಮ್ಮ ಕ್ರಮ. ನಾನು ಬಹರೈನಿನಲ್ಲಿ ಬಡಗಿಯಾಗಿದ್ದ ಇಪ್ಪತ್ತಮೂರು ವರ್ಷವೂ ಆಂಜೆಲಾ ನನ್ನ ಪಾಲು ಎತ್ತಿಟ್ಟಿದ್ದಳಂತೆ.

ಅವಳು ಹೋಗಿ ಮೂವತ್ತಾರು ದಿನ. ಅವಳ ಹೊಲಿಗೆಯ ಅಳತೆ ಪುಸ್ತಕದಲ್ಲಿ ಹಿಂದಿನ ಅರ್ಧ ಖಾಲಿ ಇತ್ತು, ಅದರಲ್ಲಿ ಬರೆಯುತ್ತಿದ್ದೇನೆ. ಮುಂದಿನ ಅರ್ಧದಲ್ಲಿ ಕಾಪುವಿನ ಹೆಂಗಸರ ತೋಳಿನ ಅಳತೆಗಳಿವೆ.

ಹೊಲಿಗೆ ಅವಳ ಕೆಲಸ, ಜಾದು ಅವಳ ಹುಚ್ಚು. ಮದುವೆ ಮನೆ, ನಾಮಕರಣ, ಶಾಲೆಯ ವಾರ್ಷಿಕೋತ್ಸವ ಎಲ್ಲಿ ಕರೆದರೂ ಹೋಗುತ್ತಿದ್ದಳು. ಅಂಗಡಿಯ ಜಾದು ಸಾಮಾನು ಅವಳಿಗೆ ಆಗದು, ಎಲ್ಲ ಮನೆಯಲ್ಲೇ ಆಗಬೇಕು. ಊರಿಗೆ ಬಂದ ಮೇಲೆ ನಾನು ಮಾಡಿಕೊಡುತ್ತಿದ್ದೆ. ಅವಳು ಚೀಟಿ ಕೊಡುತ್ತಿದ್ದಳು: ಹೊರಗೆ ಒಂಬತ್ತು ಇಂಚು, ಒಳಗೆ ಆರೂವರೆ. ನಡುವಿನ ಎರಡೂವರೆ ಇಂಚು ಎಲ್ಲಿ ಹೋಯಿತು ಎಂದು ನಾನು ಕೇಳಬಾರದು. ನನಗೆ ಮರ, ಅವಳಿಗೆ ಗುಟ್ಟು. ಅದು ನಮ್ಮ ಒಪ್ಪಂದ.

ಸೋಫಿಯಾ ಹೋದ ಮೇಲೆ ಆಂಜೆಲಾಳ ಕೋಣೆಯ ಬಾಗಿಲು ತೆಗೆದೆ. ಪೆಟ್ಟಿಗೆಯಲ್ಲಿ ಭತ್ತದ ಹೊಟ್ಟಿನೊಳಗೆ ಆ ತೆಂಗಿನಕಾಯಿ ಇತ್ತು. ಜುಟ್ಟು ಬಿಟ್ಟು, ತೆಳ್ಳಗೆ ನಾರು ಉಳಿಸಿ ಸುಲಿದ ಕಾಯಿ. ಮೈಮೇಲೆ ಬಟ್ಟೆಗೆ ಗುರುತು ಹಾಕುವ ನೀಲಿ ಚಾಕಿನ ಒಂದು ಗೆರೆ. ಕೊನೆಯ ವಾರ ಮಣಿಪಾಲದ ಆಸ್ಪತ್ರೆಯಲ್ಲಿ ಮಲಗಿದ್ದಾಗ ಹೇಳಿದ್ದಳು: “ನೀಲಿ ಗೆರೆಯ ಕಾಯಿ ಒಡೀಬೇಡಿ. ಅದು ಮೆಲಿಷಾಳ ರೋಸಿಗೆ.”

ಮೆಲಿಷಾ ಸೋಫಿಯಾಳ ಮಗಳು, ಮಸ್ಕತ್ತಿನಲ್ಲಿ ನರ್ಸ್. ಮುಂದಿನ ಮೇ ತಿಂಗಳಲ್ಲಿ ಮದುವೆ. ಮದುವೆಯ ಹಿಂದಿನ ದಿನ ತೆಂಗಿನ ಹಾಲು ಎರೆಯುವ ರೋಸಿಗೆ ಆಂಜೆಲಾ ಏನೋ ಜಾದು ಯೋಚಿಸಿದ್ದಳು. ಲಿಂಬೆಹಣ್ಣಿನೊಳಗಿಂದ ಗುಂಡಿ, ಬನ್ನಿನೊಳಗಿಂದ ಬೀಗದ ಕೈ ತೆಗೆಯುವವಳು. ಈ ಕಾಯಿಯೊಳಗೂ ಏನೋ ಇಟ್ಟಿದ್ದಾಳೆ. ನನಗೆ ಹೇಳದೆ ಹೋದ ಮಾತೇ ಇದ್ದರೂ ಇರಬಹುದು.

ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದೆ. ಗುಳುಗುಳು ನೀರು. ಒಳಗಿನದು ನೆನೆಯದಿರಲಿ ದೇವರೇ.

೧೯ ಸೆಪ್ಟೆಂಬರ್

ನಲವತ್ತೇಳು. ಮತ್ತೆ ಎರಡು ಪಾವು ಅಕ್ಕಿ ಹಾಕಿಬಿಟ್ಟೆ. ಕಾಗೆಗಳಿಗೆ ಹಬ್ಬ.

೧೨ ಅಕ್ಟೋಬರ್

ಎಪ್ಪತ್ತು. ಪಕ್ಕದ ಮನೆಯ ಕುಶಲಾ ಬಂದರು. ಆಂಜೆಲಾ ಜಾದುವಿಗೆ ಹೋದಲ್ಲೆಲ್ಲ ಚೀಲ ಹಿಡಿದು ಹೋಗುತ್ತಿದ್ದವರು. ಅವರು ತುಳುವಿನಲ್ಲಿ ಬೈದದ್ದನ್ನು ಕನ್ನಡದಲ್ಲಿ ಬರೆದರೆ ಅರ್ಧ ಖಾರ ಹೋಗುತ್ತದೆ, ಆದರೂ ಬರೆಯುತ್ತೇನೆ. ನಮ್ಮ ಕ್ರೈಸ್ತ ಗಂಡಸರಿಗೆ ‘ಪೊರ್ಬುಗಳು’, ಹೆಂಗಸರಿಗೆ ‘ಬಾಯಿ’ ಎನ್ನುವುದು ತುಳುವರ ಮರ್ಯಾದೆ, ಅದನ್ನು ಹಾಗೆಯೇ ಇಡುತ್ತೇನೆ.

“ಎಂತ ಪೊರ್ಬುಗಳೇ, ಈ ಗಡ್ಡ? ಮಠಕ್ಕೆ ಸೇರುವ ಅಂದಾಜು ಉಂಟಾ?”

“ಇಲ್ಲ.”

“ಹಾಗಾದರೆ ಬೋಳಿಸಿ. ಆಂಜೆಲಾ ಬಾಯಿ ನೋಡಿದರೆ ಗಡ್ಡದೊಳಗಿಂದ ಪಾರಿವಾಳ ತೆಗೀತಿದ್ದರು.”

ಮೀನು ಸಾರಿನ ಪಾತ್ರೆ ಇಟ್ಟು ಹೋದರು. ನಿಂತುಕೊಂಡೇ ತಿಂದೆ. ಕಾಯಿ ಅಲ್ಲಾಡಿಸಿದೆ. ನೀರು ಕಡಿಮೆಯಾದ ಹಾಗಿದೆ.

೨ ನವೆಂಬರ್

ಸತ್ತವರ ಹಬ್ಬ. ಸಮಾಧಿಯ ಮೇಲೆ ಮೇಣದ ಬತ್ತಿ ಹಚ್ಚಿದೆ. ಗಾಳಿಗೆ ಮೂರು ಸಲ ಆರಿತು. ಮೂರನೆಯ ಸಲ, ಅವಳೇ ಊದಿ ನನ್ನನ್ನು ಆಟ ಆಡಿಸುತ್ತಿದ್ದಾಳೆ ಅನ್ನಿಸಿತು. ಅವಳಿಗೆ ಮೊದಲಿನಿಂದಲೂ ಆ ಅಭ್ಯಾಸ.

ತೊಂಬತ್ತೊಂದು.

೨೮ ಜನವರಿ ೨೦೨೫

ಮೆಲಿಷಾ ಫೋನ್ ಮಾಡಿದ್ದಳು. ಅವಳ ಹುಡುಗ ಡೆನ್ವರ್ ಕಾರ್ಕಳದವನು. ಅತ್ತೂರು ಜಾತ್ರೆಗೆ ಹೋದವನು ಅಲ್ಲಿಂದ ಅವಳಿಗೆ ವಿಡಿಯೋ ಕಳಿಸಿದನಂತೆ. ನಕ್ಕು ನಕ್ಕು ಮಾತಾಡಿ, ಆಮೇಲೆ ದನಿ ಇಳಿಸಿದಳು.

“ಅಂಕಲ್, ರೋಸಿಗೆ ಆಂಟಿಯ ಕಾಯಿ ಜಾದು ನೀವು ಮಾಡಬೇಕು.”

“ನನಗೆ ಬರುವುದಿಲ್ಲ ಮಗಾ. ನಾನು ಪೆಟ್ಟಿಗೆ ಮಾಡುವವನು.”

“ನಾನು ಆರು ವರ್ಷದವಳಿರುವಾಗ ಆಂಟಿ ಒಮ್ಮೆ ಅಲೆವೂರಿನ ಮದುವೆ ಮನೆಗೆ ಕರಕೊಂಡು ಹೋಗಿದ್ದರು. ಕುತ್ತಿಗೆಯ ಚೈನು ಮಾಯ ಮಾಡಿದರು. ಯಾರೋ ಕಿರುಚಿದರು, ಎಲ್ಲ ಓಡಿದರು. ಚೈನು ತೆಂಗಿನಕಾಯಿಯ ಒಳಗೆ ಇತ್ತು! ಆಂಟಿ ಒಬ್ಬರೇ ನಿಂತು ನಗ್ತಾ ಇದ್ದರು. ಅಷ್ಟೇ ನೆನಪು.”

ಮಕ್ಕಳ ನೆನಪು ಕನಸಿನ ಹಾಗೆ, ನಡುವಿನ ಮೆಟ್ಟಿಲು ಇರುವುದಿಲ್ಲ. ನೋಡುತ್ತೇನೆ ಎಂದೆ. ಫೋನ್ ಇಟ್ಟ ಮೇಲೆ ಪೆಟ್ಟಿಗೆ ತಡಕಾಡಿದೆ. ಒಂದು ಬಟ್ಟೆಯ ಚೀಲದಲ್ಲಿ ಆಂಜೆಲಾಳ ಚೈನು ಸಿಕ್ಕಿತು. ಇದು ಹೇಗೆ? ಅವಳ ಚೈನು ಕಪಾಟಿನಲ್ಲಿದೆ, ನಾನೇ ಇಟ್ಟದ್ದು. ಹೋಗಿ ನೋಡಿದೆ, ಅಲ್ಲೇ ಇತ್ತು. ಇದು ಅದರ ಜೋಡಿ, ಬಂಗಾರದ ನೀರು ಕೊಟ್ಟದ್ದು. ಎರಡನ್ನೂ ಅಂಗೈಯಲ್ಲಿ ಇಟ್ಟುಕೊಂಡು ಬಹಳ ಹೊತ್ತು ಕುಳಿತೆ. ಎರಡೂವರೆ ಇಂಚು ಎಲ್ಲಿ ಹೋಗುತ್ತಿತ್ತೆಂದು ಮೊದಲ ಸಲ ಒಂಚೂರು ತಿಳಿಯಿತು.

೯ ಫೆಬ್ರವರಿ, ಭಾನುವಾರ

ಇದನ್ನು ಬಡಗಿಯ ಹಾಗೆ ಯೋಚಿಸಬೇಕು. ಚೈನು ಒಳಗೆ ಹೋಗಬೇಕು, ಕಾಯಿ ಒಡೆಯಬಾರದು. ಜುಟ್ಟಿನ ಕೆಳಗೆ ಮೂರು ಕಣ್ಣು. ಎರಡು ಕಲ್ಲಿನಷ್ಟು ಗಟ್ಟಿ, ಒಂದು ಮೆತ್ತಗೆ. ಜುಟ್ಟನ್ನು ಉಗುರುಬಿಸಿ ನೀರಿನಲ್ಲಿ ನೆನೆಸಿ ಮುಚ್ಚಳದ ಹಾಗೆ ಎತ್ತಿದೆ. ಮೆತ್ತಗಿನ ಕಣ್ಣನ್ನು ಸೈಕಲ್ ಕಡ್ಡಿಯಿಂದ ಚುಚ್ಚಿ, ನೀರು ತೆಗೆದು, ಸದ್ಯಕ್ಕೆ ಚೈನಿನ ಬದಲು ದಾರ ಇಳಿಸಿದೆ. ಜೇನುಮೇಣಕ್ಕೆ ಚಿಪ್ಪಿನ ಪುಡಿ ಕಲಸಿ ತೂತು ಮುಚ್ಚಿ, ಜುಟ್ಟನ್ನು ಅಂಟಿಸಿದೆ. ಮಧ್ಯಾಹ್ನದ ಊಟ ಮರೆತೇ ಹೋಯಿತು.

ಕುಶಲಾರಿಗೆ ತೋರಿಸಿದೆ. ತಿರುಗಿಸಿ ತಿರುಗಿಸಿ ನೋಡಿದರು.

“ಅಡ್ಡಿಯಿಲ್ಲ. ಗೊತ್ತಾಗುವುದಿಲ್ಲ.”

“ನಿಜವಾಗಿಯಾ?”

“ನಾನು ಸುಳ್ಳು ಹೇಳುವುದು ಜಾದು ನಡೆಯುವಾಗ ಮಾತ್ರ.”

೧೩ ಫೆಬ್ರವರಿ

ನಾಲ್ಕೇ ದಿನ. ಕಾಯಿ ನಾರುತ್ತಿದೆ, ಬೆಕ್ಕು ಕೂಡ ದೂರದಿಂದ ಹೋಗುತ್ತಿದೆ. ಒಮ್ಮೆ ಚುಚ್ಚಿದರೆ ಒಳಗೆ ಗಾಳಿ ಹೋಗುತ್ತದೆ, ತಿರುಳು ಕೊಳೆಯುತ್ತದೆ. ಉಪ್ಪು ನೀರಿನಲ್ಲಿ ತೊಳೆದು ನೋಡಬೇಕು. ಇಲ್ಲದಿದ್ದರೆ ವಿನೆಗರ್.

೨ ಮಾರ್ಚ್

ಉಪ್ಪಿಗೆ ಐದು ದಿನ. ವಿನೆಗರಿಗೂ ಐದು ದಿನ. ಇದುವರೆಗೆ ಹದಿನಾಲ್ಕು ಕಾಯಿ. ರೋಸಿನ ಹಿಂದಿನ ದಿನವೇ ತಯಾರು ಮಾಡುವುದು, ಬೇರೆ ದಾರಿ ಇಲ್ಲ.

ಸಂಜೆ ದೀಪಸ್ತಂಭದ ಬಂಡೆಯ ಕೆಳಗೆ ಕುಳಿತು ಕೈ ಅಭ್ಯಾಸ ಮಾಡಿದೆ. ಚೈನನ್ನು ಕರವಸ್ತ್ರದಲ್ಲಿ ಇಡುವುದು, ಇಟ್ಟ ಹಾಗೆ ಮಾಡಿ ತೋಳಿನೊಳಗೆ ಬಿಡುವುದು. ತೋಳಿನೊಳಗಿನ ಚೀಲ ನಾನೇ ಹೊಲಿದೆ, ಅವಳ ಮೆಷಿನಿನಲ್ಲಿ. ಹೊಲಿಗೆ ಸೊಟ್ಟ. ಹೊತ್ತು ಮುಳುಗುವಾಗ ಸಮುದ್ರ ಪೂರ್ತಿ ಹಿತ್ತಾಳೆಯ ತಟ್ಟೆಯ ಹಾಗಾಯಿತು. ಒಂದು ದೋಣಿ ಅದರ ಮೇಲೆ ಇತ್ತು. ಕಣ್ಣು ಮುಚ್ಚಿ ತೆಗೆಯುವಷ್ಟರಲ್ಲಿ ಇರಲಿಲ್ಲ. ಎಲ್ಲಿಗೆ ಹೋಯಿತೆಂದು ಹುಡುಕಲಿಲ್ಲ.

ಅವಳ ಕಾಯಿಯಲ್ಲಿ ಈಗ ಸದ್ದೇ ಇಲ್ಲ. ಹೆದರಿಕೆಯಾಗುತ್ತದೆ.

೧೬ ಮಾರ್ಚ್, ಭಾನುವಾರ

ಉಂಟು! ಒಳಗೆ ಉಂಟು!

ಪೂಜೆ ಮುಗಿಸಿ ಬಂದು ಕಾಯಿ ಎತ್ತಿದೆ. ಕಟ್. ಇನ್ನೊಮ್ಮೆ ಅಲ್ಲಾಡಿಸಿದೆ. ಕಟ್ ಕಟ್. ಒಳಗಿನಿಂದ ಯಾರೋ ಬಾಗಿಲು ತಟ್ಟಿದ ಹಾಗೆ. ನೀರು ಆರಿ ಅವಳು ಇಟ್ಟದ್ದು ಬಿಡಿಯಾಗಿದೆ. ಚೈನು ಅಲ್ಲ, ಅದಕ್ಕಿಂತ ಭಾರದ್ದು. ಮರದ್ದಿರಬಹುದು. ನಾನು ಮೊದಲು ಮಾಡಿಕೊಟ್ಟ ಸಣ್ಣ ಡಬ್ಬಿ ಇರಬಹುದೇ? ಕಣ್ಣಿನಲ್ಲಿ ತೂರುವುದಿಲ್ಲ, ಗೊತ್ತು. ಆದರೆ ಅವಳಲ್ಲವೇ?

ಬರಿಗಾಲಿನಲ್ಲಿ ಕುಶಲಾರ ಮನೆಗೆ ಓಡಿದೆ. ಅವರು ಕೇಳಿ, ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು.

“ಪೊರ್ಬುಗಳೇ, ಕಾಯಿ ಹಳತಾದರೆ ಕೊಬ್ಬರಿ ಒಣಗಿ ಚಿಪ್ಪು ಬಿಡುತ್ತದೆ. ಗಿಟುಕು ಅದು. ಬಹರೈನಿನಲ್ಲಿ ಡಬ್ಬದ ತೆಂಗಿನ ಹಾಲು ಕುಡಿದು ಕುಡಿದು ಅದೂ ಮರೆತುಹೋಯಿತಾ?”

ಕಾಯಿ ಎತ್ತಿಕೊಂಡು ಬಂದೆ. ಅವರಿಗೆ ಆಂಜೆಲಾಳ ಕೈ ಏನೆಂದು ಗೊತ್ತಿಲ್ಲ.

೨೭ ಮಾರ್ಚ್

ಕುಶಲಾರ ಜೊತೆ ಹನ್ನೊಂದು ದಿನದಿಂದ ಮಾತಿಲ್ಲ. ಬೇಲಿಯ ಮೇಲೆ ಮೀನು ಸಾರಿನ ಪಾತ್ರೆ ಬಂದು ಕೂರುತ್ತದೆ. ತೊಳೆದು ಬೇಲಿಯ ಮೇಲೆಯೇ ಇಡುತ್ತೇನೆ.

೧೯ ಏಪ್ರಿಲ್, ಶನಿವಾರ

ನಾಳೆ ಈಸ್ಟರ್. ಕೋಣೆ ಗುಡಿಸಿದೆ. ಇವತ್ತು ಕಿಟಕಿಯ ಬೆಳಕು ಚೆನ್ನಾಗಿತ್ತು.

ನಾನು ಮಾಡಿದ ಯಾವ ಕಾಯಿಯೂ ಐದು ದಿನ ದಾಟಲಿಲ್ಲ. ಅವಳ ಕಾಯಿಗೆ ಒಂಬತ್ತು ತಿಂಗಳು. ಮೂಗಿನ ಹತ್ತಿರ ಹಿಡಿದೆ. ಹೊಟ್ಟಿನ ವಾಸನೆ, ಒಣ ನಾರಿನ ವಾಸನೆ. ಕೊಳೆತ ವಾಸನೆ ಸ್ವಲ್ಪವೂ ಇಲ್ಲ.

ಜುಟ್ಟಿಗೆ ಬಿಸಿನೀರಿನ ಬಟ್ಟೆ ಇಟ್ಟು ಎತ್ತಿದೆ. ಮೂರು ಕಣ್ಣೂ ಮುಚ್ಚಿಯೇ ಇವೆ. ಚುಚ್ಚಿಲ್ಲ, ಮೇಣವಿಲ್ಲ.

ಒಳಗೆ ಅವಳು ಏನೂ ಇಟ್ಟಿಲ್ಲ.

ಜುಟ್ಟನ್ನು ಅಂಟಿಸಿದೆ. ಗೆರೆ ಅಳಿಸದ ಹಾಗೆ ಹೊಟ್ಟಿನೊಳಗೆ ಇಟ್ಟೆ.

೨೧ ಏಪ್ರಿಲ್

ಖಾಲಿ ಪಾತ್ರೆ ಹಿಂದಿರುಗಿಸಲು ನಾನೇ ಕುಶಲಾರ ಬಾಗಿಲಿಗೆ ಹೋದೆ.

“ನೀವು ಹೇಳಿದ್ದು ಸರಿ. ಬರೀ ಕೊಬ್ಬರಿ.”

ಈ ಸಲ ನಗಲಿಲ್ಲ. ಒಳಗೆ ಕರೆದು ಚಾ ಕೊಟ್ಟರು. ಚಾ ಮುಗಿಯುವವರೆಗೂ ಏನೋ ಹೇಳಲು ಬಾಯಿ ತೆಗೆದು ಮುಚ್ಚಿದರು. ಕೊನೆಗೆ ಕೇಳಿದ್ದು ಒಂದೇ.

“ಜಾದು ಮಾಡುತ್ತೀರಲ್ವಾ?”

“ಮೆಲಿಷಾಳಿಗೆ ಮಾತು ಕೊಟ್ಟಾಗಿದೆ. ನನ್ನದೇ ಕಾಯಿಯಲ್ಲಿ ಮಾಡುತ್ತೇನೆ.”

“ಆ ಗೆರೆಯ ಕಾಯಿ?”

“ಅದು ನನ್ನ ಚೀಲದಲ್ಲಿ ಇರಲಿ. ರೋಸಿಗೆ ಬರಬೇಕು ಎಂದಿದ್ದಳು, ಬರಲಿ. ಒಡೆಯುವುದಿಲ್ಲ.”

“ತನ್ನಿ, ತನ್ನಿ” ಎಂದರು. ಸ್ವಲ್ಪ ಅವಸರದಲ್ಲಿ ಅಂದ ಹಾಗಿತ್ತು.

೧೦ ಮೇ, ಶನಿವಾರ

ಬಂಗಾರದ ಚೈನನ್ನು ಮೆಲಿಷಾಳ ಕುತ್ತಿಗೆಗೆ ಹಾಕಿ ಬಂದೆ. ಆಂಟಿಯದ್ದು, ನಿನಗೆ ಎಂದೆ. ಅತ್ತಳು. ನಾಳೆ ಅದನ್ನು ಒಂದು ನಿಮಿಷ ಕಡ ಕೇಳುತ್ತೇನೆ ಎಂದಾಗ ನಕ್ಕಳು.

ನೀರು ಕೊಟ್ಟ ಚೈನು ಕಾಯಿಯೊಳಗೆ ಇಳಿದಿದೆ. ಇದು ಇಪ್ಪತ್ತೆರಡನೆಯ ಕಾಯಿ. ಜುಟ್ಟು ಎಲ್ಲಿ ಅಂಟಿದೆ ಎಂದು ನನಗೇ ಗೊತ್ತಾಗುತ್ತಿಲ್ಲ. ಗಡ್ಡ ಬೋಳಿಸಿದೆ. ಕನ್ನಡಿಯ ಮುಂದೆ ಮಾತು ಅಭ್ಯಾಸ ಮಾಡಿದೆ. ನನ್ನ ದನಿ ಇಷ್ಟು ದೊಡ್ಡದೆಂದು ಗೊತ್ತಿರಲಿಲ್ಲ.

೧೩ ಮೇ, ಮಂಗಳವಾರ

ನಿನ್ನೆ ಕಾರ್ಕಳದಲ್ಲಿ ಮದುವೆ ಚೆನ್ನಾಗಿ ಆಯಿತು. ಮೊನ್ನೆಯ ರೋಸಿನ ಬಗ್ಗೆ ಬರೆಯಬೇಕು. ಒಂದೂ ಬಿಡಬಾರದು.

ಸೋಫಿಯಾಳ ಅಂಗಳದಲ್ಲಿ ಚಪ್ಪರ. ಸಂಜೆ ನಾಲ್ಕು ಗಂಟೆ. ಹಿಂದಿನ ಜಗಲಿಯಲ್ಲಿ ಹೆಂಗಸರು ಹಾಲಿಗೆ ಕಾಯಿ ತುರಿಯುತ್ತಿದ್ದರು. ಕುಶಲಾ ಅವರ ನಡುವೆ ದೊಡ್ಡ ತುರಿಮಣೆಯ ಮೇಲೆ ಕುಳಿತಿದ್ದರು. ನಾನು ತಯಾರಿಸಿದ ಕಾಯಿಯನ್ನು ಚಪ್ಪರದ ಮೇಜಿನ ಕೆಳಗೆ ಬುಟ್ಟಿಯಲ್ಲಿಟ್ಟೆ. ನೀಲಿ ಗೆರೆಯ ಕಾಯಿ ಚೀಲದಲ್ಲಿ, ಕಾಲಿನ ಹತ್ತಿರ.

ಮೊದಲು ಸಣ್ಣವು ಮಾಡಿದೆ. ದಾಸವಾಳದ ಕೆಂಪು ನೀರಿಗೆ ಸೋಡದ ಪುಡಿ ಹಾಕಿ ಹಸಿರು ಮಾಡಿದೆ. ಬೆಂಕಿಪೆಟ್ಟಿಗೆಯನ್ನು ಅಂಗೈಯಲ್ಲಿ ನಿಲ್ಲಿಸಿದೆ. ಮಕ್ಕಳು ಮುಂದೆ ಮುಂದೆ ಬಂದವು. ಮೆಲಿಷಾಳ ಹತ್ತಿರ ಚೈನು ಕೇಳಿದೆ. ಕರವಸ್ತ್ರದಲ್ಲಿ ಇಟ್ಟೆ, ಮಡಚಿದೆ, ಊದಿದೆ, ಕೊಡವಿದೆ. ಇಲ್ಲ!

“ಅಂಕಲ್, ಅದು ನಿಜವಾದ ಬಂಗಾರ!” ಎಂದು ಡೆನ್ವರ್ ಹಿಂದಿನಿಂದ ಕೂಗಿದ. ಎಲ್ಲ ನಕ್ಕರು.

“ಈಗ ಒಂದು ತೆಂಗಿನಕಾಯಿ ನೋಡುವ” ಎಂದು ಬುಟ್ಟಿಗೆ ಕೈ ಹಾಕಿದೆ.

ಬುಟ್ಟಿ ಖಾಲಿ.

ಬಗ್ಗಿ ನೋಡಿದೆ. ಕಾಯಿ ಇಲ್ಲ. ರೋಸಿನ ಮನೆಯಲ್ಲಿ ಬಿಡಿ ಕಾಯಿ ಕಂಡರೆ ಹೆಂಗಸರು ತುರಿಯಲು ಒಯ್ಯುತ್ತಾರೆ, ಅಷ್ಟೂ ಯೋಚಿಸಲಿಲ್ಲ ನಾನು. ಹಿಂದಿನ ಜಗಲಿಯಿಂದ ತುರಿಯುವ ಸದ್ದು ಬರುತ್ತಲೇ ಇತ್ತು. ಚಪ್ಪರದಲ್ಲಿ ಇನ್ನೂರು ಕಣ್ಣುಗಳು. ಮೆಲಿಷಾ ಖಾಲಿ ಕುತ್ತಿಗೆ ಮುಟ್ಟಿಕೊಂಡು ನನ್ನನ್ನೇ ನೋಡುತ್ತಿದ್ದಳು, ಆರು ವರ್ಷದವಳ ಹಾಗೆ.

ನನ್ನ ಹತ್ತಿರ ಇದ್ದದ್ದು ಒಂದೇ ಕಾಯಿ. ಅದು ಖಾಲಿ ಎಂದು ಆ ಚಪ್ಪರದಲ್ಲಿ ಗೊತ್ತಿದ್ದವನು ನಾನೊಬ್ಬನೇ ಎಂದುಕೊಂಡಿದ್ದೆ. ತೋಳಿನಿಂದ ಚೈನು ತೆಗೆದುಕೊಟ್ಟು ಕ್ಷಮಿಸಿ ಎನ್ನಬಹುದಿತ್ತು. ಆದರೆ ಕೈ ಚೀಲಕ್ಕೆ ಹೋಯಿತು. ಯಾಕೆ ಎಂದರೆ ಹೇಳಲಾರೆ. ರೋಸಿಗೆ ಎಂದಿದ್ದಳು, ಅಷ್ಟೇ.

ಕಾಯಿ ಎತ್ತಿ ಅಲ್ಲಾಡಿಸಿದೆ. ಕಟ್ ಕಟ್ ಕಟ್. “ಒಳಗೆ ಉಂಟು, ಒಳಗೆ ಉಂಟು” ಎಂದಳು ಒಂದು ಹುಡುಗಿ.

ಕತ್ತಿಯ ಬೆನ್ನಿನಿಂದ ಹೊಡೆದೆ. ಒಂದು ಏಟು, ಎರಡು ಏಟು. ಎರಡನೆಯ ಏಟು ನೀಲಿ ಗೆರೆಯ ಮೇಲೆಯೇ ಬಿತ್ತು. ಚಿಪ್ಪು ಎರಡಾಯಿತು. ಒಣ ಕೊಬ್ಬರಿಯ ಗಿಟುಕು, ಬೆಳ್ಳಗಿನ ಚೆಂಡು, ಮೇಜಿನ ಮೇಲೆ ಬಿದ್ದು ಉರುಳಿ ನಿಂತಿತು. ಅದನ್ನೂ ಒಡೆದೆ. ಒಳಗೆ ಬರೀ ಗಾಳಿ.

ಒಬ್ಬರು ನಕ್ಕರು. ಆಮೇಲೆ ಎಲ್ಲರೂ. “ಚೈನು ಬಹರೈನಿಗೆ ಹೋಯಿತು ಮಾರಾಯ!” ಎಂದರು ಯಾರೋ. ನಾನು ಎರಡು ಚಿಪ್ಪು ಹಿಡಿದು ತಲೆ ತಗ್ಗಿಸಿ ನಿಂತೆ. ಎಂಟು ತಿಂಗಳು ಕಿವಿಯ ಹತ್ತಿರ ಹಿಡಿದದ್ದು ಮುಗಿಯಿತು ಎಂದು ಮಾತ್ರ ತಲೆಯಲ್ಲಿತ್ತು.

ಆಗ ಹಿಂದಿನ ಜಗಲಿಯಿಂದ ಒಂದು ಕಿರುಚು ಕೇಳಿಸಿತು.

“ಅಯ್ಯೋ ದೇವರೇ! ಕಾಯಿಯೊಳಗೆ ಚೈನು! ಓ ಸೋಫಿಯಾ ಬಾಯಿ, ಓಡಿ ಬನ್ನಿ!”

ಕುಶಲಾರ ದನಿ. ನಗುತ್ತಿದ್ದವರ ಬಾಯಿ ತೆರೆದದ್ದು ತೆರೆದ ಹಾಗೆಯೇ ಇತ್ತು. ಆಮೇಲೆ ಎಲ್ಲರೂ ಓಡಿದರು. ಮುದುಕರು, ಮಕ್ಕಳು, ಡೆನ್ವರ್, ಹಾಲು ಹಿಡಿದು ನಿಂತಿದ್ದವರು. ಮೆಲಿಷಾ ಎಲ್ಲರಿಗಿಂತ ಮುಂದೆ. ಚಪ್ಪರದಲ್ಲಿ ಉಳಿದವನು ನಾನೊಬ್ಬನೇ. ಮೇಜಿನ ಮೇಲೆ ಬಿಳಿ ಗಿಟುಕಿನ ಚೂರುಗಳು, ಇಳಿಬಿಸಿಲು. ಯಾರೋ ನಗುವ ಸದ್ದು ಕೇಳಿಸಿತು. ನಾನೇ ನಗುತ್ತಿದ್ದೆ.

ಜನ ತಿರುಗಿ ಬರುವಷ್ಟರಲ್ಲಿ ನನಗೆ ಮಾತು ಬಂದಿತ್ತು. ಅದು ನಕಲು ಚೈನು, ನಿಜವಾದ್ದು ಮದುಮಗಳ ತುರುಬಿನ ಹಿಂದೆ ಎಂದು ಹೇಳಿ, ತೋಳಿನ ಬಂಗಾರವನ್ನು ಅವಳ ಕೂದಲಿನಿಂದ ತೆಗೆದೆ. ಚಪ್ಪಾಳೆ ನಿಲ್ಲಲಿಲ್ಲ. ಆಮೇಲೆ ಹಾಲು ಎರೆದರು.

೧೫ ಮೇ

ಕುಶಲಾರನ್ನು ಕೇಳಿದೆ. ಬಂಗುಡೆ ಕೊಯ್ಯುತ್ತ ಕುಳಿತಿದ್ದರು, ತಲೆ ಎತ್ತಲಿಲ್ಲ.

“ಬುಟ್ಟಿಯಿಂದ ಕಾಯಿ ತೆಗೆದದ್ದು ನೀವಲ್ವಾ?”

“ಮತ್ತೆ ಯಾರು? ಆಂಜೆಲಾ ಬಾಯಿಗೂ ನಾನೇ ಅಲ್ವಾ ತೆಗೆದು ಕೊಡುತ್ತಿದ್ದದ್ದು. ತುಂಬಿದ ಕಾಯಿ ಹಿಂದೆ, ನನ್ನ ಹತ್ತಿರ. ಖಾಲಿ ಕಾಯಿ ಮುಂದೆ, ಅವರ ಹತ್ತಿರ. ಗೆರೆ ಹಾಕುವುದು ಖಾಲಿ ಯಾವುದು ಅಂತ ಗೊತ್ತಾಗಲಿಕ್ಕೆ.”

“ಖಾಲಿ ಕಾಯಿಯನ್ನು ಅಷ್ಟು ತಿಂಗಳು ಮೊದಲೇ ಯಾಕೆ ಇಡಬೇಕು?”

“ಒಣಗಬೇಕಲ್ಲ! ಅಲ್ಲಾಡಿಸಿದರೆ ಸದ್ದು ಬರಬೇಕು. ಒಳಗೆ ಏನೋ ಉಂಟು ಅಂತ ಜನ ನಂಬಬೇಕು. ನಂಬಿದ ಮೇಲೆ ಒಡೆಯಬೇಕು. ಏನೂ ಇಲ್ಲ ಅಂತ ನಗಬೇಕು. ಆಗ ನಾನು ಕೂಗಬೇಕು. ಅಷ್ಟೇ ಜಾದು.”

“ನನಗೆ ಮೊದಲೇ ಹೇಳಬಹುದಿತ್ತು.”

“ಹೇಳಿದ್ದರೆ ಕಾಯಿ ಒಡೆದಾಗ ನಿಮ್ಮ ಮುಖ ಹಾಗೆ ಆಗುತ್ತಿತ್ತಾ?” ಕತ್ತಿ ಕೆಳಗಿಟ್ಟರು. “ಮತ್ತೆ, ನಿಮಗೆ ಹೇಳುವುದಿಲ್ಲ ಅಂತ ಅವರ ಹತ್ತಿರ ಆಣೆ ಮಾಡಿದ್ದೆ. ಆಟ ಮುಗಿಯುವವರೆಗೆ ಅಂತ.”

ಎಂಟು ತಿಂಗಳು ಅದನ್ನು ಕಿವಿಗೆ ಹಿಡಿದೆ. ಖಾಲಿ ಇರುವುದೇ ಅದರ ಕೆಲಸವಾಗಿತ್ತು, ಅವಳು ಹೇಳಿದ ಹಾಗೆ ಅದನ್ನು ಮಾಡಿತು. ಮೊದಲು ನಂಬಿದವನು ನಾನು.

ಗಿಟುಕಿನ ಚೂರುಗಳನ್ನು ಕರವಸ್ತ್ರದಲ್ಲಿ ಕಟ್ಟಿ ತಂದಿದ್ದೆ. ಬೆಲ್ಲದ ಜೊತೆ ಇಬ್ಬರೂ ತಿಂದೆವು. ತುಂಬ ಸಿಹಿ ಇತ್ತು.

೨ ಜೂನ್

ಮಳೆ. ಬೆಳಿಗ್ಗೆ ಒಂದು ಪಾವು ಅಕ್ಕಿ ಬೇಯಿಸಿದೆ, ಸರಿಯಾಯಿತು. ಪಡುಬಿದ್ರಿಯಿಂದ ಕುಶಲಾರ ಅಣ್ಣನ ಮಗಳು ಆಶ್ರಿತಾ ಫೋನ್ ಮಾಡಿದ್ದಳು. ಮುಂದಿನ ಏಪ್ರಿಲಿನಲ್ಲಿ ಅವಳ ಮದುವೆ, ಜಾದುವಿಗೆ ಬರುತ್ತೀರಾ ಎಂದಳು. ಪೆಟ್ಟಿಗೆಯೊಂದಕ್ಕೆ ಅಳತೆ ಬರೆದಿಟ್ಟೆ: ಹೊರಗೆ ಹನ್ನೊಂದು, ಒಳಗೆ ಎಂಟು. ಮೆಷಿನಿಗೆ ಎಣ್ಣೆ ಹಾಕಬೇಕು.

ಮಧ್ಯಾಹ್ನ ಮಳೆ ಬಿಟ್ಟಾಗ ಒಳ್ಳೆಯ ಬಲಿತ ಕಾಯಿಯೊಂದನ್ನು ಆರಿಸಿ, ಜುಟ್ಟು ಬಿಟ್ಟು ಸುಲಿದೆ. ಆಂಜೆಲಾಳ ಕೋಣೆಯಲ್ಲಿ ನೀಲಿ ಚಾಕಿನ ತುಂಡು ಇನ್ನೂ ಇತ್ತು. ಗೆರೆ ಎಳೆದೆ, ಸ್ವಲ್ಪ ಸೊಟ್ಟವಾಯಿತು. ಹೊಟ್ಟಿನೊಳಗೆ ಇಡುವ ಮೊದಲು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದೆ.

ನೀರು. ಇನ್ನೂ ಹತ್ತು ತಿಂಗಳಿದೆ.